ಅರ್ನೆಲ್ ಹೇಳಿಕೊಂಡದ್ದು

ಫಿಲಿಪ್ಪೀನ್ಸಿನ ಇಲೊಯಿಲೊ ನಗರದಲ್ಲಿ ಸಮಾಜ ಕಾರ್ಯಕರ್ತರಿಗೆ ನಡೆಯಲಿದ್ದ ತರಬೇತಿ ಕಾರ್ಯಾಗಾರದ ತಯಾರಿಗೆ ಕಾಲೇಜಿನ ಕೆಲವು ಹುಡುಗ ಹುಡುಗಿಯರು ಸ್ವಯಂಸೇವಕರಾಗಿ ಸೇರಿದ್ದರು. ತೊಂದರೆಯಲ್ಲಿರುವ ಮಗುವನ್ನು ಮನೆಯಿಂದ ಕರೆದೊಯ್ಯುವಾಗ ಹೇಗೆ ನಡೆದುಕೊಳ್ಳಬೇಕೆಂದು ತೋರಿಸುವ ಪುಟ್ಟ ನಾಟಕ ಬರೆಯುವ ಕೆಲಸ ಲೂಸೆಲ್‌ಳ ಪಾಲಿಗೆ ಬಂತು. ಎಷ್ಟು ಬರೆದರೂ ಸಪ್ಪೆ. ಕೊನೆಗೆ, ಹಿಂದೊಮ್ಮೆ ದೋಣಿಗೆ ಕಾಯುತ್ತ ಕುಳಿತಿದ್ದಾಗ ಗೆಳೆಯ ಅರ್ನೆಲ್ ಹೇಳಿಕೊಂಡದ್ದನ್ನೇ ಬರೆದಳು. ಚಿಕ್ಕವನಿದ್ದಾಗ ಅವನನ್ನು ಸಮಾಜ ಕಾರ್ಯಕರ್ತರು ಅಮ್ಮನ ಕೈಯಿಂದ ಬಿಡಿಸಿ ಜೀಪಿನಲ್ಲಿ ಕೂರಿಸಿದ್ದರು. ಹೆದರಿಕೆಗೆ ಅವನು ಚಡ್ಡಿಯಲ್ಲೇ ಉಚ್ಚೆ ಹೊಯ್ದುಕೊಂಡಿದ್ದ. ಅವಳೊಬ್ಬಳಿಗೇ ಹೇಳಿದ ಮಾತು ಅದು. ಲೂಸೆಲ್ ಹೆಸರು, ಊರು ಬದಲಿಸಿದಳು. ಅರ್ನೆಲ್ ಹೇಗೂ ಊಟದ ವ್ಯವಸ್ಥೆಯವನು, ತಾಲೀಮಿಗೆ ಬರುವುದಿಲ್ಲ ಎಂದುಕೊಂಡಳು.

ಆದರೆ ತಾಲೀಮಿನ ದಿನ ಮೇಲ್ವಿಚಾರಕಿ ನೆಲ್ಡಕ್ಕ ಅವನನ್ನೇ ಕರೆದಳು. "ಅರ್ನೆಲ್, ಇದ್ದೋರಲ್ಲಿ ನೀನೇ ಸಣಕಲ. ಹುಡುಗನ ಪಾತ್ರ ನಿಂದು, ಓದು."

ಅವನು ಓದತೊಡಗಿದ. ಉಚ್ಚೆಯ ಮಾತು ಬಂದಾಗ ಉಳಿದವರು ಗೊಳ್ಳೆಂದರು. "ಏಯ್ ಅರ್ನೆಲ್, ಡಯಾಪರ್ ತರ್ಲೇನೋ?" ಎಂದು ಒಬ್ಬ ಕೂಗಿದ. ಅರ್ನೆಲ್ ನಿಲ್ಲಿಸಲಿಲ್ಲ. ಕೊನೆಯ ಸಾಲಿನವರೆಗೂ ಒಂದೇ ದನಿಯಲ್ಲಿ ಓದಿದ.

"ಅಬ್ಬಾ, ಕಣ್ಣಾರೆ ಕಂಡಂಗಿದೆ! ಎಲ್ಲಿಂದ ತಂದ್ಯೇ ಇದನ್ನ?" ನೆಲ್ಡಕ್ಕ ಲೂಸೆಲ್‌ಳನ್ನು ಕೇಳಿದಳು.

"ಸುಮ್ನೆ... ನಾನೇ ಕಟ್ಟಿದ್ದು ಅಕ್ಕಾ."

ಎಲ್ಲರೂ ಚಪ್ಪಾಳೆ ತಟ್ಟಿದರು. ಅರ್ನೆಲ್ ಕೂಡ ತಟ್ಟಿದ.

ಅವನು ನೀರಿನ ಕ್ಯಾನು ಹಿಡಿದು ಹಿತ್ತಲ ನಲ್ಲಿಗೆ ಹೋದಾಗ ಲೂಸೆಲ್ ಹಿಂದೆಯೇ ಓಡಿದಳು. "ತಪ್ಪಾಯ್ತು ಕಣೋ. ಒಳಗೋಗಿ ನಿಜ ಹೇಳ್ಬಿಡ್ತೀನಿ."

"ಏನಂತ? ಉಚ್ಚೆ ಹೊಯ್ಕೊಂಡೋನು ಇವ್ನೇ ಅಂತಾನಾ?" ಅವನು ನಲ್ಲಿಯಿಂದ ಕಣ್ಣೆತ್ತಲಿಲ್ಲ. "ನೀನೇ ಕಟ್ಟಿದ್ದು ಅಂದ್ಯಲ್ಲ, ಹಾಗೇ ಇರ್ಲಿ ಬಿಡು." ಕ್ಯಾನು ತುಂಬಿದ ಮೇಲೆ ಮತ್ತೆ ಹೇಳಿದ: "ಚಡ್ಡಿ ಹಳದಿ ಬಣ್ಣದ್ದು ಅಂತಾನೂ ಹೇಳಿದ್ದೆ. ಅದೊಂದು ಬಿಟ್ಬಿಟ್ಟಿದೀಯ."

ತಪ್ಪೊಪ್ಪಿಕೊಂಡು ಹಗುರಾಗುವ ದಾರಿಯೂ ಅವಳಿಗೆ ಉಳಿಯಲಿಲ್ಲ. ಒಳಗೆ ಬಂದು, ನಾಟಕ ಸರಿಯಿಲ್ಲ, ಬೇರೆ ಬರೆಯುತ್ತೇನೆ ಎಂದಳು.

"ಹೊಗಳಿದ್ದೇ ತಡ, ಜಂಬ ಬಂತಾ ನಿಂಗೆ?" ನೆಲ್ಡಕ್ಕ ರೇಗಿದಳು. ಲೂಸೆಲ್ ತಲೆ ತಗ್ಗಿಸಿ ಬೈಸಿಕೊಂಡಳು. ಆಮೇಲೆ ಒಬ್ಬೊಬ್ಬರ ಹತ್ತಿರ ಹೋಗಿ ಹಾಳೆಗಳನ್ನು ವಾಪಸು ಇಸಿದುಕೊಂಡಳು.

ಕಾರ್ಯಾಗಾರದಲ್ಲಿ ಅವಳ ಹೊಸ ನಾಟಕ ಯಾರ ಮನಸ್ಸಿಗೂ ತಟ್ಟಲಿಲ್ಲ. ಮುಂದಿನ ಸಾಲಿನವರೇ ಆಕಳಿಸಿದರು. ಮಧ್ಯಾಹ್ನ ಅರ್ನೆಲ್ ಎಲ್ಲರಿಗೂ ಪಾನ್ಸಿತ್ ಶಾವಿಗೆ ಬಡಿಸಿದ. ಅವಳ ತಟ್ಟೆಗೂ ಉಳಿದವರಷ್ಟೇ ಹಾಕಿ, "ಸಾಕಾ ಮೇಡಂ?" ಎಂದ. ತರಬೇತಿಗೆ ಬಂದಿದ್ದ ಅಪರಿಚಿತರನ್ನೆಲ್ಲ ಅವನು ಹಾಗೆಯೇ ಕೇಳುತ್ತಿದ್ದ.