ಗೂಳೂರು ತಿರುವಿನ ನಾಯಿ

"ನಾಯಿ ಕರೀದು ಕಣಣ್ಣ," ಎಂದಳು ಕರಿಬಸಮ್ಮ. "ಗೂಳೂರು ದಾಟಿದ್ಮೇಲೆ ತಿರುವು ಬತ್ತದಲ್ಲ, ಅಲ್ಲಿ ಅಡ್ಡ ಬಂತಂತೆ. ಇವ್ನು ಬ್ರೇಕ್ ಹಾಕವ್ನೆ, ಗಾಡಿ ಜಾರ್ಕೊಂಡು ಹೋಗಿ ಮೋರಿ ಕಟ್ಟೆಗೆ ಬಡೀತು. ಎರಡೂ ಕಾಲು ಹೋಯ್ತು!"

ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದ ಆಶಾರಾಣಿ ಕೈ ನಿಲ್ಲಿಸಿದಳು. ನಾಯಿಗೆ ಬಣ್ಣ ಬಂದದ್ದು ಇವತ್ತೇ ಮೊದಲು. ಮೋರಿ ಕಟ್ಟೆ ಹೋದ ವಾರ, ಅತ್ತೆ ಹೆಬ್ಬೂರಿನ ನೆಂಟರಿಗೆ ಹೇಳುವಾಗ ಹುಟ್ಟಿಕೊಂಡಿತ್ತು. ಇನ್ನು ಕೊನೆಯ ಮಾತೊಂದು ಬಾಕಿ ಇತ್ತು. ಅದು ಬರುವುದನ್ನೇ ಅವಳು ಕಾಯುತ್ತ ನಿಂತಳು.

"ಇವಳನ್ನ ಕುಣಿಗಲ್ಲಿಂದ ಕರ್ಕೊಂಡ್ ಬರಕ್ಕೆ ಅಂತ ಹೊರಟಿದ್ದ. ಇವಳು ತವರಿಗೆ ಹೋಗ್ದೆ ಇದ್ದಿದ್ರೆ ನನ್ ಮಗ ಇವತ್ತು ಓಡಾಡ್ಕೊಂಡಿರೋನು."

ಚೇಳೂರಿನಿಂದ ನೋಡಲು ಬಂದಿದ್ದ ಅತ್ತೆಯ ಅಣ್ಣ ಏಕಾಂತಯ್ಯ ಲೊಚಗುಟ್ಟಿದ. ಆಶಾ ಕಾಫಿ ತಂದಿಟ್ಟು, ತಲೆ ಎತ್ತದೆ ಒಳಗೆ ಬಂದಳು.

ಯಾವ ನಾಯಿಯೂ ಅಡ್ಡ ಬಂದಿರಲಿಲ್ಲ. ಅವತ್ತು ಆಶಾ ತವರಿನಲ್ಲೂ ಇರಲಿಲ್ಲ, ಬೆಂಗಳೂರಿನ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನ ಮುಂದೆ ಗಂಡನ ಚಪ್ಪಲಿಯನ್ನು ಚೀಲದಲ್ಲಿಟ್ಟುಕೊಂಡು ಕೂತಿದ್ದಳು. ಒಳಗೆ ಚೈತನ್ಯನ ಎರಡೂ ಕಾಲಿನ ಮೂಳೆಯನ್ನು ಮಂಡಿಯ ಕೆಳಗೆ ಕತ್ತರಿಸಿ, ಸುತ್ತ ಕಬ್ಬಿಣದ ಬಳೆಗಳನ್ನು ಕೂರಿಸುತ್ತಿದ್ದರು. ಬಳೆಗಳ ತಿರುಪನ್ನು ದಿನಾ ಒಂದಿಷ್ಟು ತಿರುಗಿಸಿದರೆ ಕತ್ತರಿಸಿದ ಮೂಳೆ ದೂರ ಸರಿಯುತ್ತದೆ, ನಡುವೆ ಹೊಸ ಮೂಳೆ ಬೆಳೆಯುತ್ತದೆ, ಮನುಷ್ಯ ಉದ್ದ ಆಗುತ್ತಾನೆ. ಕಾಯಿಲೆಯಿಲ್ಲ, ಏಟಿಲ್ಲ. ಎತ್ತರ ಬೇಕಿತ್ತು, ಅಷ್ಟೆ.

ಅವನು ಐದಡಿ ಒಂದಿಂಚು ಇದ್ದ. ತುಮಕೂರಿನ ಟ್ರ್ಯಾಕ್ಟರ್ ಶೋರೂಮಿನಲ್ಲಿ ಸೇಲ್ಸ್ ಕೆಲಸ, ಜೊತೆಯವರು ಇಟ್ಟ ಹೆಸರು ಹಾಫ್ ಟಿಕೆಟ್. ಒಮ್ಮೆ ಗುಬ್ಬಿಯ ಗಿರಾಕಿಯೊಬ್ಬ ಅವನ ಮಾತನ್ನೆಲ್ಲ ಕೇಳಿ, "ದೊಡ್ಡೋರು ಯಾರಾದ್ರೂ ಇದ್ರೆ ಕರಿಯಪ್ಪ" ಎಂದಿದ್ದ. ಚೈತನ್ಯ ಮನೆಗೆ ಬಂದು ಅದನ್ನು ನಗುನಗುತ್ತಲೇ ಹೇಳಿದ, ಆಮೇಲೆ ಊಟ ಅರ್ಧಕ್ಕೆ ಬಿಟ್ಟು ಎದ್ದ. "ನಾನೇನು ನಿಮ್ಮ ಎತ್ತರ ನೋಡಿ ಒಪ್ಪಿದ್ನಾ?" ಎಂದು ಆಶಾ ವರ್ಷವಿಡೀ ವಾದ ಮಾಡಿ ಸೋತಿದ್ದಳು. ಆಫೀಸಿಗೂ ಮನೆಗೂ ಏನು ಹೇಳುವುದು ಎಂಬ ಪ್ರಶ್ನೆ ಬಂದಾಗ, ಬೈಕ್ ಆಕ್ಸಿಡೆಂಟ್ ಅಂತ ಅವನೇ ಹೇಳಿಬಿಟ್ಟ. ಎಲ್ಲಿ ಅಂತ ಅಮ್ಮ ಫೋನಿನಲ್ಲಿ ಅಳುತ್ತ ಕೇಳಿದಾಗ ಬಾಯಿಗೆ ಬಂದದ್ದು ಕುಣಿಗಲ್ ರಸ್ತೆ, ಯಾಕೆ ಹೋಗಿದ್ದೆ ಅಂದಾಗ ಬಾಯಿಗೆ ಬಂದದ್ದು ಆಶಾ.

ಸುಳ್ಳಿಗೆ ಆಶಾ ಒಪ್ಪಿದ್ದಳು. ತಪ್ಪು ತನ್ನ ತಲೆಗೆ ಬರುತ್ತದೆ ಅಂತ ಆಗ ಹೊಳೆದಿರಲಿಲ್ಲ. ಆರೈಕೆಗೆಂದು ಬಂದ ಅತ್ತೆ ಸೊಸೆಯ ಜೊತೆ ಸರಿಯಾಗಿ ಮಾತಾಡಿ ನಾಲ್ಕು ತಿಂಗಳಾಗಿತ್ತು.

ಏಕಾಂತಯ್ಯ ಬಸ್ಸಿಗೆ ಹೊರಟ ಮೇಲೆ ಅವಳು ಧೈರ್ಯ ಮಾಡಿದಳು. "ಅತ್ತೆ, ಶುಕ್ರವಾರ ತೇಜು ಸೀಮಂತ. ಬೆಳಿಗ್ಗೆ ಹೋಗಿ ಸಂಜೆ ಬಂದುಬಿಡ್ತೀನಿ."

ತೇಜಸ್ವಿನಿ ಅವಳ ಒಬ್ಬಳೇ ತಂಗಿ. ಮದುವೆಯಾದ ಏಳನೇ ವರ್ಷಕ್ಕೆ ಬಸುರಿಯಾಗಿದ್ದಳು.

ಕರಿಬಸಮ್ಮ ನುಗ್ಗೆಸೊಪ್ಪಿನ ಕಂತೆಯನ್ನು ಮೊರಕ್ಕೆ ಹಾಕಿಕೊಂಡಳು. "ಸೀರೆ ತಗೊಂಡು ಯಾರ ಕೈಲಾದ್ರೂ ಕಳ್ಸು. ನೀನು ಹೋಗದ್ ಬ್ಯಾಡ. ಆ ರಸ್ತೆ ನಮ್ಗೆ ಆಗಿಬರಲ್ಲ."

ಆಶಾ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದಳು. ಚೈತನ್ಯ ಮಂಚದ ಮೇಲೆ ಕಾಲು ಚಾಚಿ, ಬಳೆಗಳೊಳಗಿನ ತಂತಿ ಚುಚ್ಚಿದ ಜಾಗವನ್ನು ಹತ್ತಿಯಿಂದ ಒರೆಸುತ್ತಿದ್ದ.

"ಕೇಳಿಸ್ತಾ?"

"ಕೇಳಿಸ್ತು. ಇನ್ನೆರಡು ತಿಂಗಳು ತಡ್ಕೋ ಆಶಾ. ಇವನ್ನ ಬಿಚ್ಚಿದ್ಮೇಲೆ ನಿಧಾನಕ್ಕೆ ಹೇಳ್ತೀನಿ."

"ನಾನು ತಡ್ಕೋತೀನಿ ರೀ. ತೇಜು ಸೀಮಂತ ತಡ್ಕೊಳಲ್ಲ."

ಅವನು ಹತ್ತಿಯನ್ನೇ ನೋಡುತ್ತ ಕೂತ. "ಏನಂತ ಹೇಳ್ಲಿ? ಅಪ್ಪ ನನ್ನಷ್ಟೇ ಇದ್ರು. ಅಮ್ಮ ಇನ್ನೂ ಕುಳ್ಳು. ನೀವು ಕೊಟ್ಟ ಕಾಲು ನಂಗೆ ಸಾಲ್ಲಿಲ್ಲ ಅಂತ ಅವಳ ಮುಖ ನೋಡ್ಕೊಂಡು ಹೇಳ್ಲಾ?"

"ಇವತ್ತು ನಾಯಿಗೆ ಬಣ್ಣ ಬಂತು. ನಾಳೆ ಅದನ್ನ ಸಾಕಿದೋಳೂ ನಾನೇ ಅಂತಾರೆ."

ಚೈತನ್ಯನಿಗೆ ನಗು ಬಂತು. ಹೆಂಡತಿಯ ಕಣ್ಣಲ್ಲಿ ನೀರು ತುಂಬಿದ್ದು ಕಂಡು ನಗು ಅಲ್ಲೇ ನಿಂತಿತು. ಹತ್ತಿಯನ್ನು ಪಕ್ಕಕ್ಕಿಟ್ಟು, "ವಾಕರ್ ಕೊಡು" ಎಂದ.

ಬಚ್ಚಲಿಗೆ ಹೋಗುತ್ತಾನೆ ಅಂದುಕೊಂಡಳು. ಅವನು ವಾಕರನ್ನು ಅಮ್ಮ ಕೂತಿದ್ದ ನಡುಮನೆಯ ಕಡೆ ತಿರುಗಿಸಿದ. ಕುರ್ಚಿಯಲ್ಲಿ ಕೂರಲು ಸಹಾಯ ಮಾಡಿ ಆಶಾ ಬಾಗಿಲ ಬಳಿ ನಿಂತಳು.

"ಅಮ್ಮ, ನಾಯಿ ಇರ್ಲಿಲ್ಲ."

"ಯಾವ್ ನಾಯಿ?"

"ಗೂಳೂರು ನಾಯಿ. ಅವತ್ತು ನಾನು ಆ ರಸ್ತೆಗೆ ಹೋಗೇ ಇರ್ಲಿಲ್ಲ. ಆಶಾ ತವರಿಗೆ ಹೋಗಿರ್ಲಿಲ್ಲ."

ಉಳಿದದ್ದನ್ನು ಅವನು ತಡವರಿಸಿಕೊಂಡು ಹೇಳಿದ. ಹಾಫ್ ಟಿಕೆಟ್ ಎಂಬ ಹೆಸರು, ಆಸ್ಪತ್ರೆ, ಆಪರೇಷನ್, ತಿರುಪು. ಅಪ್ಪನ ಎತ್ತರದ ಮಾತನ್ನು ಮಾತ್ರ ನುಂಗಿಕೊಂಡ. ಕರಿಬಸಮ್ಮ ಸೊಪ್ಪು ಬಿಡಿಸುವುದನ್ನು ಯಾವಾಗಲೋ ನಿಲ್ಲಿಸಿದ್ದಳು.

"ಹಂಗಾರೆ ಗಾಡಿ ಜಾರ್ಲಿಲ್ವಾ?"

"ಇಲ್ಲ."

"ರಸ್ತೇಲಿ ಬಿದ್ದಿರ್ಲಿಲ್ವಾ ನೀನು? ಒಬ್ನೇ?"

"ಇಲ್ಲಮ್ಮ. ಆಸ್ಪತ್ರೆ ಮಂಚದ ಮೇಲಿದ್ದೆ. ಆಶಾ ಆಚೇನೇ ಕೂತಿದ್ಲು."

ಕರಿಬಸಮ್ಮ ಸೆರಗನ್ನು ಮುಖಕ್ಕೆ ಒತ್ತಿಕೊಂಡಳು. ಇನ್ನು ಕೂಗಾಟ ಶುರು ಎಂದು ಆಶಾ ಗಟ್ಟಿಯಾಗಿ ಬಾಗಿಲು ಹಿಡಿದಳು. ಸೆರಗಿನೊಳಗಿಂದ ಬಂದದ್ದು ಬೇರೆಯೇ ಮಾತು. "ಸದ್ಯ. ಸದ್ಯ ಕಣಪ್ಪ. ಶಿವನೇ, ಸದ್ಯ."

ಅತ್ತು ಮುಗಿಸಿ ಮೂಗೊರೆಸಿಕೊಂಡಳು. "ದಿನಾ ಕಾಣೋದು ಕಣ್ಲಾ. ನೀನು ಆ ಮೋರಿ ಪಕ್ಕ ಬಿದ್ಕೊಂಡು ನೀರು ನೀರು ಅಂತಿರ್ತೀಯ, ಒಬ್ರೂ ಗಾಡಿ ನಿಲ್ಸಲ್ಲ. ಬಾಯ್ಬಿಟ್ಟು ಯಾರ್ಗಾದ್ರೂ ಹೇಳಿದ್ರೆ ಒಸಿ ಹೊತ್ತು ಕಾಣ್ತಿರ್ಲಿಲ್ಲ. ಅದ್ಕೇ ಬಂದೋರ್ಗೆಲ್ಲ ಹೇಳ್ತಿದ್ದೆ."

ಆಮೇಲೆ ಬೈಗುಳವೂ ಬಂತು. ದೇವರು ಕೊಟ್ಟ ಮೂಳೆ ಕುಯ್ಸ್ಕೊಂಡೋನೇ, ಬುದ್ಧಿ ಇಲ್ದೋನೇ, ಹೆತ್ತವಳ ಹತ್ರ ಸುಳ್ಳಾಡಿದೋನೇ. ಚೈತನ್ಯ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ. ಅವನ ಮುಖ ಮಾತ್ರ ಎಷ್ಟೋ ದಿನದ ಮೇಲೆ ಸಡಿಲವಾಗಿತ್ತು.

"ಎಷ್ಟು ಬೆಳ್ದೆ?"

"ಎರಡೂವರೆ ಇಂಚು."

ಕರಿಬಸಮ್ಮ ಹೆಬ್ಬೆರಳು ತೋರುಬೆರಳು ಅಗಲಿಸಿ ಅಂದಾಜು ನೋಡಿದಳು. "ಇಷ್ಟಕ್ಕಾ?"

"ಇಷ್ಟಕ್ಕೇ."

"ನಿಮ್ಮಪ್ಪನ್ನೂ ಸಂತೇಲಿ ಕುಳ್ಳಯ್ಯ ಅಂತಿದ್ರು. ಮನೆಗ್ ಬಂದು ಒಂದಿನಾನೂ ಹೇಳ್ಕೊಳ್ಲಿಲ್ಲ. ಬ್ಯಾರೆಯೋರು ಹೇಳಿ ನಂಗೆ ಗೊತ್ತಾಯ್ತು." ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು. "ನೀನು ಮೊದ್ಲೇ ಕೇಳಿದ್ರೆ ನಾನು ಬುಡ್ತಿರ್ಲಿಲ್ಲ. ಅದೂ ನಿಜ."

ಬಂದ ಧೈರ್ಯ ಆರುವ ಮೊದಲೇ ಅವನು ಶೋರೂಮಿನ ಮಾಲೀಕ ಶಿವರಾಮಯ್ಯನವರಿಗೂ ಫೋನು ಮಾಡಿದ. ಅತ್ತೆ ಸೊಸೆ ಇಬ್ಬರೂ ಕಿವಿಗೊಟ್ಟರು. ನಡೆದದ್ದನ್ನೆಲ್ಲ ಅವನು ಹೇಳಿದ.

"ಅಲ್ಲಯ್ಯ," ಎಂದರು ಅವರು. "ನಿನ್ನ ಆಕ್ಸಿಡೆಂಟ್ ಕೇಳಿ ನಾನು ಎಲ್ಲಾ ಹುಡುಗರ್ಗೂ ಹೆಲ್ಮೆಟ್ ಕಡ್ಡಾಯ ಮಾಡಿದೀನಿ. ಬಿಸ್ಲಲ್ಲಿ ನನ್ನ ಬೈಕೊಂಡು ಹಾಕ್ಕೋತಾವ್ರೆ."

"ತಪ್ಪಾಯ್ತು ಸರ್. ಕೆಲಸ…"

"ಆಪರೇಷನ್ ಅಂತ ಕೇಳಿದ್ರೆ ನಾನು ರಜಾ ಕೊಡ್ತಿದ್ನೋ ಇಲ್ವೋ, ಆ ಮಾತು ಬುಡು. ಸುಳ್ಳು ಹೇಳಿದ್ದಕ್ಕೆ ಬಂದ್ಮೇಲೆ ಬೈತೀನಿ. ನಡಿಯೋ ಹಂಗಾದ್ರೆ ಬಾ, ಮೊದ್ಲು ಕೌಂಟರಲ್ಲಿ ಕೂತ್ಕೊ. ಹೆಲ್ಮೆಟ್ ರೂಲ್ಸ್ ಹಂಗೇ ಇರುತ್ತೆ, ಯಾರ್ಗೂ ಹೇಳ್ಬೇಡ."

ಫೋನಿಟ್ಟು ಚೈತನ್ಯ ಕುರ್ಚಿಗೆ ಒರಗಿ ಉಸಿರುಬಿಟ್ಟ. ಆಶಾ ಅಳಬೇಕೋ ನಗಬೇಕೋ ತಿಳಿಯದೆ ಕಾಫಿ ಲೋಟಗಳನ್ನು ಎತ್ತಿಕೊಂಡಳು. ಅಡುಗೆಮನೆಯ ಹೊಸ್ತಿಲಲ್ಲಿ ಅತ್ತೆಯ ದನಿ ಹಿಂದಿನಿಂದ ಬಂತು. ಅವಳು ಸೊಪ್ಪಿನಿಂದ ಕಣ್ಣು ಎತ್ತಿರಲಿಲ್ಲ.

"ಸೀಮಂತ ಎಷ್ಟೊತ್ತಿಗೆ?"

"ಹನ್ನೊಂದಕ್ಕೆ, ಅತ್ತೆ."

"ನಾನೂ ಬತ್ತೀನಿ. ಅನ್ನ ಸಾರು ಮಾಡಿಟ್ಟು ಹೋಗಣ. ಇವ್ನು ಒಂದಿನ ಒಬ್ನೇ ಬಿದ್ದಿರ್ಲಿ."

ಶುಕ್ರವಾರ ಬೆಳಿಗ್ಗೆ ಕುಣಿಗಲ್ ಬಸ್ಸಿನಲ್ಲಿ ಇಬ್ಬರಿಗೂ ಅಕ್ಕಪಕ್ಕದ ಸೀಟು ಸಿಕ್ಕಿತು. ಕರಿಬಸಮ್ಮ ತೊಡೆಯ ಮೇಲೆ ತೇಜಸ್ವಿನಿಗೆ ಕೊಂಡ ಹಸಿರು ಸೀರೆಯ ಚೀಲ ಇಟ್ಟುಕೊಂಡು ಕಿಟಕಿಯ ಪಕ್ಕ ಕೂತಿದ್ದಳು. ಹೆಬ್ಬೂರಿನಲ್ಲಿ ಬಸ್ಸು ನಿಂತಾಗ ಬುಟ್ಟಿ ಹೊತ್ತ ಹೆಂಗಸೊಬ್ಬಳು ಕಿಟಕಿಯ ಕೆಳಗೆ ಬಂದಳು. ಕರಿಬಸಮ್ಮ ಎಳೆಯದೊಂದು ಸೌತೆಕಾಯಿ ಆರಿಸಿ, ಸಿಪ್ಪೆ ತೆಗೆಸಿ, ಉಪ್ಪು ಖಾರ ಹಾಕಿಸಿಕೊಂಡಳು. ತೊಟ್ಟಿನ ತುದಿಯನ್ನು ತಾನೇ ಕಚ್ಚಿ, ಮುಖ ಕಿವುಚಿ, ಅಷ್ಟನ್ನು ಕಿಟಕಿಯಾಚೆ ಎಸೆದಳು. ಕಹಿ ಹೋಗಿದೆಯೇ ಎಂದು ಇನ್ನೊಂದು ಚೂರು ಕಚ್ಚಿ ನೋಡಿದಳು. ಆಮೇಲೆ ಉಳಿದದ್ದನ್ನೆಲ್ಲ ಆಶಾಳ ಕೈಗಿಟ್ಟು, ಸೆರಗಿನಿಂದ ಬೆರಳು ಒರೆಸಿಕೊಳ್ಳುತ್ತ ಹೊರಗೆ ನೋಡತೊಡಗಿದಳು.