ಮೂರನೆಯ ಗುಂಡಿ

ನಲ್ಲಿಯ ನೀರು ಉಗುರುಬೆಚ್ಚಗಿದೆ, ಇಷ್ಟೇ ಇರಬೇಕು, ಇನ್ನೂ ಬಿಸಿಯಾದರೆ ಟ್ರಂಪೆಟ್ಟಿನ ಮೆರುಗು ಸಿಪ್ಪೆ ಏಳುತ್ತದೆ, ಸೋಪು ಒಂದೇ ತೊಟ್ಟು, ಮುಚ್ಚಳ ತಿರುಗಿಸಿ ಎಳೆದರೆ ಮೂರನೆಯ ಗುಂಡಿಯ ವಾಲ್ವು ಎಷ್ಟು ನಯವಾಗಿ ಜಾರಿಕೊಂಡು ಬರುತ್ತದೆ ನೋಡು, ಕಳ್ಳ, ಈಗ ಎಷ್ಟು ಸಾಧು! ಬೆಳಿಗ್ಗೆ ಅಭ್ಯಾಸದಲ್ಲಿ ಇದೇ, ಒತ್ತಿದ ಮೇಲೆ ಏಳಲೇ ಇಲ್ಲ, ಗುಂಡಿ ಕೆಳಗೇ ಕೂತಿತ್ತು, ಇಡೀ ಬ್ಯಾಂಡಿನ ಎದುರಿಗೆ, ಮುಂದಿನ ಸ್ವರ ಬರಬೇಕಾದ ಕಡೆ ಕೋಣ ಕೂಗಿದ ಹಾಗೆ ಏನೋ ಬಂತು, ಡ್ರಮ್ಮಿನವನು ನಗು ನುಂಗಲು ತಲೆ ತಗ್ಗಿಸಿದ, ನನಗೆ ಕಾಣಲಿಲ್ಲ ಅಂದುಕೊಂಡಿದ್ದಾನೆ. ಬ್ಯಾಂಡ್ ಮಾಸ್ತರು ಕೈ ಇಳಿಸಿ, ಏನಮ್ಮಾ ಇದು, ದಿನಾ ಇದೇ ಆಯ್ತಲ್ಲ, ಸಂಜೆ ಕಾರ್ಯಕ್ರಮದ ಹೊತ್ತಿಗೆ ಸರಿ ಮಾಡ್ಕೊಂಡು ಬನ್ನಿ, ಇಲ್ಲಾಂದ್ರೆ ಸೋಲೋ ನಿಮ್ಮ ತಂಗಿ ನುಡಿಸ್ಲಿ, ಅಂದರು ಕಡ್ಡಿ ಮುರಿದ ಹಾಗೆ. ತಂಗಿ ಪಕ್ಕದ ಕುರ್ಚಿಯಲ್ಲೇ ಇದ್ದಳು, ಎರಡನೆಯ ಟ್ರಂಪೆಟ್, ತುಟಿ ಹೇಗಿಡಬೇಕು, ಉಸಿರು ಎಲ್ಲಿ ಕದಿಯಬೇಕು ಅಂತ ನಾನೇ ಹೇಳಿಕೊಟ್ಟವಳು, ಅಕ್ಕಾ, ಬೇಕಾದ್ರೆ ನಂದು ತಗೊಂಡು ನುಡಿಸು, ಅಂದಳು, ಅಷ್ಟು ಮೆತ್ತಗೆ ಅಂದಳಲ್ಲ, ಅದಕ್ಕೇ ನನಗೆ ಮೈಯೆಲ್ಲ ಉರಿದುಹೋಯಿತು.

ಒರೆಸಬೇಕು, ನೂಲು ಬಿಡದ ಬಟ್ಟೆ ಬೇಕು, ಎಲ್ಲಿಟ್ಟೆ, ಈ ಮನೆಯಲ್ಲಿ ಇಟ್ಟದ್ದು ಇಟ್ಟಲ್ಲಿ ಇದ್ದರೆ ಆಶ್ಚರ್ಯ, ಯಜಮಾನರು ಅದರಲ್ಲಿ ಕನ್ನಡಕ ಒರೆಸಿ ಜೇಬಿಗೆ ಸೇರಿಸಿರುತ್ತಾರೆ, ಫ್ರಿಜ್ ರಿಪೇರಿ ಮಾಡುವವರಿಗೆ ಲೋಕದ ಎಲ್ಲ ಯಂತ್ರವೂ ಫ್ರಿಜ್ಜೇ, ಹೋದ ವಾರ ನನಗೆ ಹೇಳದೆ ಕೇಳದೆ ಇದಕ್ಕೆ ಹೊಲಿಗೆ ಮಷೀನಿನ ಎಣ್ಣೆ ಬಿಟ್ಟರು, ಈಗ ನೋಡು, ಬೆಣ್ಣೆ ಹಾಗೆ ಓಡುತ್ತೆ, ಅಂತ ಬಾಗಿಲಲ್ಲಿ ನಿಂತು ಹಲ್ಲು ಬಿಟ್ಟರು, ಓಡಿತಾ, ಎಲ್ಲಿ ಓಡಿತು, ಜಿಡ್ಡು ತೆಗೆಯುವುದರಲ್ಲಿ ನನ್ನ ಪ್ರಾಣ ಹೋಯಿತು, ಅವರ ಮೇಲೆ ಕೂಗಾಡಿದೆ, ಆಮೇಲೂ ಗುಂಡಿ ಕೆಳಗೇ ಕೂತಿತು, ಹಾಗಾದರೆ ಎಣ್ಣೆಯ ತಪ್ಪಲ್ಲ, ಆದರೂ ಅವರಿಗೆ ಅದನ್ನು ಹೇಳುವುದಿಲ್ಲ. ವಾದ್ಯ ರಿಪೇರಿಯವನ ಹತ್ತಿರ ಒಯ್ದರೆ ಡಾಕ್ಟರ ಮುಂದೆ ಕೂತ ಮಗುವಿನ ಹಾಗೆ ಎಲ್ಲ ನೋವೂ ಮಾಯ, ಅವನು ಒತ್ತಿದ, ಬಿಟ್ಟ, ಒತ್ತಿದ, ಬಿಟ್ಟ, ಏನೂ ಆಗಿಲ್ವಲ್ಲ ಮೇಡಂ, ಚೆನ್ನಾಗೇ ಇದೆ, ಅಂದ, ಚೆನ್ನಾಗಿದ್ದರೆ ನಾನೇಕೆ ಬಸ್ಸಿನಲ್ಲಿ ನೇತಾಡಿಕೊಂಡು ಇಲ್ಲಿಗೆ ಬರುತ್ತಿದ್ದೆ, ಸ್ಪ್ರಿಂಗು ಬದಲಾಯಿಸಿ, ಗಟ್ಟಿಯದು ಹಾಕಿ, ಬೆರಳನ್ನೇ ಎತ್ತಿಬಿಡುವಂಥದು, ಅಂದೆ, ಅವನು ನನ್ನ ಮುಖ ನೋಡಿ ಹಾಕಿಕೊಟ್ಟ. ಈಗ ಒತ್ತುವುದೇ ಕಷ್ಟ, ಉಂಗುರದ ಬೆರಳಿನ ಬುಡದಲ್ಲಿ ಜುಮ್ಮೆನ್ನುತ್ತದೆ, ಆ ದರಿದ್ರ ಸ್ಪ್ರಿಂಗಿನಿಂದಲೇ, ಉಂಗುರವೂ ಬಿಗಿಯೆಂದು ಬಿಚ್ಚಿಟ್ಟೆ, ಬೆಳಿಗ್ಗೆ ಎದ್ದಾಗ ಮಡಚಿಕೊಂಡಿದ್ದ ಬೆರಳನ್ನು ಎಡಗೈಯಲ್ಲಿ ಹಿಡಿದು ಬಿಡಿಸಬೇಕಾಯಿತು, ಟಕ್ ಅಂತ ಬಿಟ್ಟುಕೊಂಡಿತು, ಕೈಯನ್ನು ಮೈ ಕೆಳಗೆ ಹಾಕಿ ಮಲಗಿದ್ದಕ್ಕೆ, ಅಷ್ಟೇ, ಬ್ಯಾಂಡಿನ ಕೋಟಿನ ಗುಂಡಿ ಹಾಕಲು ಅಷ್ಟು ಹೊತ್ತು ಹಿಡಿದದ್ದು ಕಾಜ ಚಿಕ್ಕದಿದ್ದಕ್ಕೆ.

ಎಣ್ಣೆ ಮೂರು ಹನಿ, ಒಳಗಿಳಿಸಿ ನಿಧಾನಕ್ಕೆ ತಿರುಗಿಸು, ಸರಿಯಾದ ಜಾಗಕ್ಕೆ ಕಚ್ಚಿಕೊಂಡಿತು, ಮುಚ್ಚಳ ಬಿಗಿ ಮಾಡು. ಸೋಲೋ ಬಿಟ್ಟುಕೊಡುವುದಂತೆ! ಒಂದು ಸಂಜೆಯ ಮಾತಲ್ಲ ಅದು, ಕ್ಲಾರಿನೆಟ್ ಅಜ್ಜ ಹಲ್ಲುನೋವು ಅಂತ ಒಂದೇ ಒಂದು ಸಲ ಬಿಟ್ಟುಕೊಟ್ಟರು, ಈಗ ಕಾರ್ಯಕ್ರಮಕ್ಕೆ ಮುಂಚೆ ಬಂದು ಕುರ್ಚಿ ಜೋಡಿಸುತ್ತಾರೆ, ಎಲ್ಲರಿಗೂ ನೀರು ತಂದುಕೊಡುತ್ತಾರೆ, ಎಲ್ಲರೂ ಅವರನ್ನು ಎಷ್ಟು ಪ್ರೀತಿಯಿಂದ ಮಾತಾಡಿಸುತ್ತಾರೆ, ನನಗೆ ಆ ಪ್ರೀತಿ ಬೇಡ. ಮೊದಲನೆಯ ಕುರ್ಚಿಗೆ ಬರಲು ನನ್ನ ಅರ್ಧ ಆಯುಸ್ಸು ಹೋಗಿದೆ, ಹೊಟ್ಟೆಕಿಚ್ಚೇ, ಹೌದು, ಹೊಟ್ಟೆಕಿಚ್ಚೇ, ತಂಗಿಯ ಉಸಿರು ನನ್ನದಕ್ಕಿಂತ ಉದ್ದ, ಅದು ನನಗೂ ಗೊತ್ತು, ಮಾಸ್ತರಿಗೂ ಗೊತ್ತು. ಕರೆಗಂಟೆ, ಬಂದಳು, ಇಸ್ತ್ರಿ ಮಾಡಿದ ಕೋಟು, ಕೈಯಲ್ಲಿ ಪೆಟ್ಟಿಗೆ, ಆಯ್ತಾ ಅಕ್ಕಾ, ಹೊರಡೋಣ್ವಾ, ಭಾವ ಇಲ್ವಾ, ಅಂದಳು, ಆಯ್ತು ಕಣೇ, ಕೂತ್ಕೋ, ಕೇಳು, ಅಂತ ಸೋಲೋದ ಆ ಸಾಲು ಹಿಡಿದೆ, ಮೊದಲ ಗುಂಡಿ ಸರಿ, ಎರಡನೆಯದು ಸರಿ, ಮೂರನೆಯದು ಕೆಳಗೆ, ಮೇಲೆ, ಕೆಳಗೆ, ಕೆಳಗೆ, ಅಯ್ಯೋ ನಿನ್ನ ಮನೆ ಹಾಳಾಗ, ಕೆಳಗೇ ಕೂತಿತು, ಅದೇ ಕೋಣ, ನನ್ನ ಅಡುಗೆಮನೆಯಲ್ಲೇ ಕೂಗಿತು.

ಅಕ್ಕಾ, ಹಟ ಮಾಡ್ಬೇಡ, ನಂದು ತಗೋ, ಸೋಲೋ ನೀನೇ ನುಡಿಸು, ನಾನು ಹೇಗೋ ನಿಂದರಲ್ಲಿ ಸುಧಾರಿಸ್ತೀನಿ, ಅಂತ ಪೆಟ್ಟಿಗೆ ತೆಗೆದಳು, ಈ ಒಳ್ಳೆಯತನವನ್ನು ಎಲ್ಲಿಂದ ಕಲಿತಳೋ, ನಾನಂತೂ ಹೇಳಿಕೊಟ್ಟಿಲ್ಲ, ಆಗಲಿ, ಕೊಡು ಇಲ್ಲಿ, ತಪ್ಪು ನನ್ನದಲ್ಲ ಅಂತ ಒಂದು ಸಲ ಗೊತ್ತಾಗಿಬಿಡಲಿ, ಕಿತ್ತುಕೊಂಡೆ, ಹೊಸದು, ಗುಂಡಿಗಳು ಇನ್ನೂ ಸವೆದಿಲ್ಲ, ಬೆಳ್ಳಗೆ, ಮೊದಲನೆಯದು ಹಾರುತ್ತದೆ, ಎರಡನೆಯದು ಹಾರುತ್ತದೆ, ಆಹಾ, ವಾದ್ಯವೆಂದರೆ ಇದು, ಮೂರನೆಯದು ಕೆಳಗೆ, ಮೇಲೆ, ಕೆಳಗೆ. ಕೆಳಗೆ. ಏನೇ ಇದು, ನೀನೂ ಎಣ್ಣೆ ಬಿಡೋದೇ ಇಲ್ವಾ, ಇಬ್ಬರದೂ ಒಂದೇ ಹಣೆಬರಹ, ಅಂತ ಕೂಗಿದೆ. ಅವಳು ಟ್ರಂಪೆಟ್ ನೋಡುತ್ತಿಲ್ಲ. ಏನು ನೋಡುತ್ತಿದ್ದಾಳೆ, ಯಾಕೆ ಹಾಗೆ ನೋಡುತ್ತಿದ್ದಾಳೆ, ಅಕ್ಕಾ, ಅಂದಳು, ಕೈ ತೆಗಿ. ಯಾಕೆ ತೆಗೆಯಬೇಕು. ಒಂದ್ಸಲ ತೆಗಿ ಅಕ್ಕಾ. ತೆಗೆದೆ. ಮೂರನೆಯ ಗುಂಡಿ ಸದ್ದಿಲ್ಲದೆ ಎದ್ದು ನಿಂತಿತು, ಬೆಳ್ಳಗೆ, ಅದಕ್ಕೆ ಏನೂ ಆಗಿಲ್ಲ, ಗಾಳಿಯಲ್ಲಿ ನನ್ನ ಕೈ ಇದೆ, ಎಲ್ಲ ಬೆರಳೂ ಬಿಡಿಸಿಕೊಂಡಿವೆ, ಅದೊಂದು ಇಲ್ಲ, ಅದು ಇನ್ನೂ ಏನನ್ನೋ ಒತ್ತುತ್ತಿದೆ, ಏಳು ಅನ್ನುತ್ತೇನೆ, ಟೈಮಾಯ್ತು, ಏಳೇ, ಗುಂಡಿ ಮೇಲಿದೆ, ಬೆರಳು ಕೆಳಗೇ ಕೂತಿದೆ, ಗುಂಡಿ ಮೇಲಿದೆ, ಬೆರಳು