ಎಂಟನೆಯ ಪ್ಲಗ್

ಏಳು ಪ್ಲಗ್‌ಗಳು ಸಲೀಸಾಗಿ ಹೊರಬಂದದ್ದೇ ವರ್ಲಿನ್ ಸ್ಕ್ಯಾಗ್ಸ್‌ನ ತಲೆ ಕೆಡಿಸಿತು. ಒಂದಾದರೂ ಮೊದಲೇ ಮೊಂಡಾಟ ಮಾಡಿದ್ದರೆ ಮನುಷ್ಯ ಎಚ್ಚರವಾಗಿರುತ್ತಿದ್ದ.

ಕೆಂಟಕಿಯ ಆ ಗುಡ್ಡಗಳ ನಡುವೆ ಪಿಕಪ್ ಗಾಡಿಯ ಸ್ಪಾರ್ಕ್ ಪ್ಲಗ್ ಬದಲಿಸಲು ಯಾರೂ ಗ್ಯಾರೇಜಿಗೆ ಹೋಗುವುದಿಲ್ಲ. ಹೋದರೆ ಊರೇ ನಗುತ್ತದೆ. ಮನೆಯಂಗಳದಲ್ಲೇ ಬಾನೆಟ್ ಎತ್ತಬೇಕು. ಈ ಇಂಜಿನ್ನಿನ ಪ್ಲಗ್‌ಗಳೋ, ಕಿಟ್ಟ ಕಟ್ಟಿಕೊಂಡು ಒಳಗೇ ಬೇರೂರಿಬಿಡುತ್ತವೆ. ಒಂದಿಷ್ಟೇ ಸಡಿಲಿಸಿ, ಸುತ್ತ ಎಣ್ಣೆ ಬಿಟ್ಟು, ರಾತ್ರಿಯಿಡೀ ನೆನೆಯಲು ಬಿಡಬೇಕು. ಆಮೇಲೆ ಸ್ವಲ್ಪ ಹಿಂದಕ್ಕೆ, ಸ್ವಲ್ಪ ಮುಂದಕ್ಕೆ, ಮಗುವಿಗೆ ಔಷಧಿ ಕುಡಿಸುವಷ್ಟು ತಾಳ್ಮೆಯಿಂದ ತಿರುಗಿಸಬೇಕು. ಅವಸರಪಟ್ಟರೆ ನಡುವೆ ಮುರಿದು ಅರ್ಧ ಒಳಗೇ ಉಳಿಯುತ್ತದೆ. ಇಂಥದ್ದನ್ನು ರೂಪಿಸಿದ ಪುಣ್ಯಾತ್ಮ ಜನ್ಮದಲ್ಲಿ ಒಂದು ಪ್ಲಗ್ಗನ್ನೂ ಬಿಚ್ಚಿರಲಾರ.

ಗಾಡಿ ಕೆಟ್ಟು ನಿಂತಿತ್ತೆಂದಲ್ಲ. ಓಡುತ್ತಿತ್ತು, ಆದರೆ ಏರು ಬಂದರೆ ಗಡಗಡ ಅದುರುತ್ತಿತ್ತು. ವಾರಕ್ಕೆ ಮೂರು ಸಲ ಪೇಟೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಂಡು ಬರುವ ಹೆಂಡತಿ ಓಲೀಟಾ ಆ ಅದುರಿಗೆ ದಾರಿಯುದ್ದಕ್ಕೂ ವಾಂತಿ ಮಾಡುತ್ತಿದ್ದಳು. ಸೋಮವಾರವಾದರೂ ಅವಳನ್ನು ನೆಮ್ಮದಿಯಾಗಿ ಕರೆತರಬೇಕೆಂದೇ ವರ್ಲಿನ್ ಭಾನುವಾರದ ಚರ್ಚು ತಪ್ಪಿಸಿ ಪಾನಾ ಹಿಡಿದದ್ದು.

ಎಂಟನೆಯದು ಇಂಜಿನ್ನಿನ ಹಿಂಬದಿಯಲ್ಲಿ, ಕಣ್ಣಿಗೆ ಕಾಣದ ಸಂದಿಯಲ್ಲಿತ್ತು. ಅರ್ಧ ತಿರುಗಿ ನಿಂತುಬಿಟ್ಟಿತು. ಮತ್ತೆ ಎಣ್ಣೆ ಬಿಟ್ಟು ಕಾಯಬೇಕಿತ್ತು. ಆದರೆ ಏಳನ್ನು ಗೆದ್ದವನಿಗೆ ಎಂಟನೆಯದು ಯಾವ ಲೆಕ್ಕ! ಪಾನಾದ ಹಿಡಿಗೆ ಉದ್ದನೆಯ ಪೈಪು ಸಿಕ್ಕಿಸಿ, ಮೈಭಾರವನ್ನೆಲ್ಲ ಹಾಕಿ ಎಳೆದ. ಟಕ್ಕೆಂದಿತು. ಕೈಗೆ ಬಂದದ್ದು ಅರ್ಧ ಪ್ಲಗ್ಗು.

ಓಲೀಟಾ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದಳು. "ಮುರಿದಿದ್ದು ಪ್ಲಗ್ಗೋ, ನಿನ್ನ ಸೊಂಟಾನೋ?"

"ತಮಾಷೆ ಮಾಡ್ಬೇಡ ಕಣೇ. ಅರ್ಧ ಒಳಗೇ ಕೂತಿದೆ. ಅದನ್ನ ಕೀಳೋ ಸಾಮಾನು ತರಿಸೋಕೆ ವಾರ ಬೇಕು." ಅವನು ಪಾನಾ ಕೆಳಗಿಟ್ಟ. "ನಿಮ್ಮಣ್ಣಂಗೆ ಫೋನ್ ಮಾಡ್ತೀನಿ. ನಾಳೆ ಅವನ ಗಾಡೀಲಿ ಹೋಗೋಣ."

ಅವಳ ಅಣ್ಣನೊಂದಿಗೆ ವರ್ಲಿನ್ ಮಾತು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು.

"ಬೇಡ," ಎಂದಳು.

"ಜಗಳ ಇದ್ರೆ ಇರ್ಲಿ. ಅವನ ಕಾಲು ಬೇಕಾದ್ರೂ ಹಿಡೀತೀನಿ."

"ಅದಕ್ಕಲ್ಲ ಮಾರಾಯ."

ವರ್ಲಿನ್ ತಲೆಯೆತ್ತಿ ನೋಡಿದ. ಬೈಗುಳ ತಿನ್ನಲು ಸಿದ್ಧನಾಗಿದ್ದ. ಆದರೆ ಅವಳ ಮುಖದಲ್ಲಿ ಕೋಪವಿರಲಿಲ್ಲ. ಅನಿರೀಕ್ಷಿತವಾಗಿ ಶಾಲೆಗೆ ರಜೆ ಸಿಕ್ಕ ಹುಡುಗಿಯ ಮುಖ ಅದು. ಅದನ್ನು ನೋಡಿ ಅವನಿಗೆ ಹೆದರಿಕೆಯಾಯಿತು.

"ನಾಳೇನೂ ಬೇಡ, ಬುಧವಾರಾನೂ ಬೇಡ. ಸಾಕಾಗಿದೆ ವರ್ಲಿನ್. ಎಷ್ಟು ದಿನದಿಂದ ಹೇಳ್ಬೇಕು ಅಂತಿದ್ದೆ. ನೀನು ಪಾಪ, ಸೀಟಿಗೆ ದಿಂಬು ಇಡೋದು, ಗುಂಡಿ ತಪ್ಪಿಸಿ ಓಡಿಸೋದು... ನೋಡಿದ್ರೆ ಬಾಯೇ ಬರ್ತಿರ್ಲಿಲ್ಲ."

"ಗಾಡಿ ಸರಿ ಮಾಡ್ತೀನಿ ಕಣೇ. ಇನ್ಮೇಲೆ ಒಂಚೂರೂ ಅದುರಲ್ಲ, ನೋಡ್ತಿರು."

"ಗಾಡಿ ಅದುರುತ್ತೆ ಅಂತಲ್ಲ ಕಣೋ."

ಡಯಾಲಿಸಿಸ್ಸಿಗೆ ಹೋಗದಿದ್ದರೆ ಏನಾಗುತ್ತದೆಂದು ಡಾಕ್ಟರು ಮೊದಲ ದಿನವೇ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು. ಅದು ಅವಳಿಗೂ ಗೊತ್ತಿತ್ತು.

ಓಲೀಟಾ ಕಂಬ ಹಿಡಿದು ನಿಧಾನವಾಗಿ ಎದ್ದಳು. "ಕೈ ತೊಳ್ಕೊಂಡು ಬಾ. ಹಂದಿಮಾಂಸ ಹಾಕಿ ಬೀನ್ಸ್ ಕಾಳು ಬೇಯಿಸಿದೀನಿ. ಇವತ್ತು ನಾನೂ ಒಂದು ತಟ್ಟೆ ತಿಂತೀನಿ."

ಡಾಕ್ಟರು ಅವಳಿಗೆ ಬೀನ್ಸ್ ಕಾಳು ಮುಟ್ಟಲೂ ಬಾರದೆಂದಿದ್ದರು. ಇಷ್ಟು ದಿನ ಬೇಯಿಸಿ ಅವನಿಗೆ ಬಡಿಸಿ, ಎದುರಿಗೆ ಸುಮ್ಮನೆ ಕೂತಿರುತ್ತಿದ್ದಳು.

ಒಳಗಿಂದ ಎರಡು ತಟ್ಟೆಗಳ ಸದ್ದು ಕೇಳಿಸಿತು. ವರ್ಲಿನ್ ಮತ್ತೆ ಬಾನೆಟ್ಟಿನಡಿ ಬಗ್ಗಿ, ಮುರಿದ ಪ್ಲಗ್ಗಿನ ಸುತ್ತ ಎಣ್ಣೆ ಬಿಡತೊಡಗಿದ. ಈ ಸಲ ಒಂದಿಷ್ಟೂ ಅವಸರವಿಲ್ಲದೆ, ತೊಟ್ಟು ತೊಟ್ಟಾಗಿ.